ನಗರದ ಅಡಿಯ ಸ್ತರಭಂಗವನ್ನು ಹುಡುಕುವ ಬಗೆ: ಹುಬ್ಬಳ್ಳಿ–ಧಾರವಾಡದ ವಿದ್ಯಾರ್ಥಿಗಳಿಗೆ

ಹುಬ್ಬಳ್ಳಿಯಲ್ಲಾಗಲಿ ಧಾರವಾಡದಲ್ಲಾಗಲಿ ಕೊಳವೆಬಾವಿ ಕೊರೆಯುವಾಗ ಮೇಲೆ ಬರುವ ಕಲ್ಲುಪುಡಿಯನ್ನು ಕೆಲಸ ಮುಗಿಯುತ್ತಲೇ ಗಟಾರಕ್ಕೆ ತಳ್ಳಿಬಿಡುತ್ತಾರೆ. ಪ್ರತಿಸಲ ಅದನ್ನು ನೋಡಿದಾಗಲೂ ನನಗೆ ಸಂಕಟವಾಗುತ್ತದೆ. ಮೇಲೆ ಕಾಂಕ್ರೀಟು, ಡಾಂಬರು, ಪೇವರ್ ಕಲ್ಲು ಹಾಸಿಕೊಂಡು ಕೂತಿರುವ ಊರಿನ ಕೆಳಗೆ ಏನಿದೆ ಎಂಬುದಕ್ಕೆ ಆ ಪುಡಿಯೇ ಸಾಕ್ಷಿ. ರಿಗ್ ಹೊರಟುಹೋದ ಮೇಲೆ ಅದು ಮತ್ತೆ ಸಿಗುವುದಿಲ್ಲ. ನಾನು ಕೊಳವೆಬಾವಿಗೆ ಜಾಗ ಗುರುತಿಸಿಕೊಡುವ ಭೂವಿಜ್ಞಾನಿ. ನೀರು ಹುಡುಕುವುದು ಹೊಟ್ಟೆಪಾಡು, ನೆಲವನ್ನು ಓದುವುದು ಆಸೆ. ಪ್ರತಿವರ್ಷ ಭೂವಿಜ್ಞಾನದ, ಸಿವಿಲ್ ಎಂಜಿನಿಯರಿಂಗಿನ ಕೊನೆಯ ವರ್ಷದ ಮಕ್ಕಳು ಪ್ರಾಜೆಕ್ಟಿಗಾಗಿ ನನ್ನ ಬಳಿ ಬರುತ್ತಾರೆ. ಊರಿನ ಕೆಳಗೆ ಅಡಗಿದ ಸ್ತರಭಂಗವನ್ನು (ಫಾಲ್ಟ್), ಅಂದರೆ ಶಿಲೆ ಮುರಿದು ಎರಡು ಬದಿಗಳು ಒಂದರಿಂದೊಂದು ಜಾರಿದ ಬಿರುಕನ್ನು, ಹುಡುಕುವ ಬಗ್ಗೆ ಅವರಿಗೆ ಬಾಯಿಮಾತಿನಲ್ಲಿ ಹೇಳುತ್ತ ಬಂದದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ದೊಡ್ಡ ಯಂತ್ರ ಬರುವವರೆಗೆ ಕಾಯಬೇಡಿ. ನಗರದ ಅಡಿಯ ಮಾಹಿತಿ ನಗರದವರ ಬಳಿಯೇ ಚದುರಿಕೊಂಡಿದೆ. ಅದು ಅಳಿದುಹೋಗುವ ಮುನ್ನ ಕೂಡಿಸುವುದು ಮೊದಲ ಕೆಲಸ.

ಅಡಗಿದ ಸ್ತರಭಂಗ ಎಂದಾಗ ಅದು ಯಾವ ಬಗೆಯಲ್ಲಿ ಅಡಗಿದೆ ಎಂದು ಮೊದಲು ಕೇಳಿಕೊಳ್ಳಿ, ಏಕೆಂದರೆ ಹುಡುಕುವ ದಾರಿ ಅದರ ಮೇಲೆ ನಿಂತಿದೆ. ಕೆಲವು ಸ್ತರಭಂಗಗಳು ನೆಲದ ಮೇಲ್ಮೈಯವರೆಗೆ ಬಂದಿರುವುದೇ ಇಲ್ಲ. ನವಲಗುಂದದ ಜಮಖಾನೆಯನ್ನು ಒಂದು ತುದಿಯಿಂದ ನೂಕಿದರೆ ನಡುವೆ ಉಬ್ಬು ಏಳುತ್ತದೆಯೇ ಹೊರತು ಬಟ್ಟೆ ಹರಿಯುವುದಿಲ್ಲ. ಹಾಗೆಯೇ ಆಳದಲ್ಲಿ ಶಿಲೆ ಮುರಿದು ಜಾರಿದರೂ ಮೇಲಿನ ಪದರಗಳು ಬರೀ ಬಾಗಿಕೊಂಡು ಸುಮ್ಮನಿರಬಲ್ಲವು. 1994ರ ಜನವರಿ 17ರ ನಸುಕಿನಲ್ಲಿ ಲಾಸ್ ಏಂಜಲೀಸ್ ಬಳಿಯ ನಾರ್ತ್‌ರಿಜ್ಜನ್ನು ನಡುಗಿಸಿದ 6.7 ಪ್ರಮಾಣದ ಭೂಕಂಪ ಇಂಥ ಸ್ತರಭಂಗದಿಂದ ಬಂದದ್ದು. ಅಲ್ಲಿಯವರೆಗೆ ಯಾವ ನಕಾಶೆಯಲ್ಲೂ ಅದನ್ನು ಗುರುತಿಸಿರಲಿಲ್ಲ. ಎರಡನೆಯ ಬಗೆಯವು ನದಿಯ ಮೆಕ್ಕಲು, ಲಾವಾ, ದಪ್ಪ ಮಣ್ಣಿನ ಕೆಳಗೆ ಹೂತುಹೋದವು. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದಲ್ಲಿ 2011ರ ಫೆಬ್ರವರಿ 22ರಂದು 185 ಜನರನ್ನು ಬಲಿ ತೆಗೆದುಕೊಂಡ ಭೂಕಂಪದ ಮೂಲವೂ ಮೊದಲು ಯಾರಿಗೂ ಗೊತ್ತಿರಲಿಲ್ಲ. ಮೂರನೆಯವು ನಮ್ಮ ಕೈಯಾರೆ ಅಡಗಿದವು. ಗುಡ್ಡ ಸವರಿ, ಹಳ್ಳ ಮುಚ್ಚಿ, ಲೇಔಟ್ ಮಾಡಿದಾಗ ಅವುಗಳ ಗುರುತು ಅಳಿಸಿಹೋಗುತ್ತದೆ.

ನಮ್ಮ ಕಡೆಯವರು ಇದನ್ನೆಲ್ಲ ಏಕೆ ನೋಡಬೇಕು ಎಂದರೆ ಕಿಲ್ಲಾರಿಯ ಕಾರಣಕ್ಕೆ. ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಆ ಊರು 1993ರ ಸೆಪ್ಟೆಂಬರ್ 30ರಂದು ದೇಶದ ಭೂಕಂಪ ವಲಯದ ನಕಾಶೆಯಲ್ಲಿ ಅತ್ಯಂತ ಸುರಕ್ಷಿತ ವಲಯದಲ್ಲಿತ್ತು. ಆ ನಸುಕಿನಲ್ಲಿ 6.2 ಪ್ರಮಾಣದ ಭೂಕಂಪಕ್ಕೆ ಸಿಕ್ಕಿ ಸತ್ತವರು ಎಂಟರಿಂದ ಹತ್ತು ಸಾವಿರ. ಆಮೇಲೆ ವಿಜ್ಞಾನಿಗಳು ಅಲ್ಲಿ 617 ಮೀಟರ್ ಆಳದ ರಂಧ್ರ ಕೊರೆದರು. ಮೇಲಿನ 338 ಮೀಟರ್ ಬರೀ ಬಸಾಲ್ಟ್, ಅಂದರೆ ಗಟ್ಟಿಯಾದ ಲಾವಾ, ಅದರ ಕೆಳಗೆ ಪುರಾತನ ನೈಸ್ ಶಿಲೆ. ಅಷ್ಟು ದಪ್ಪ ಲಾವಾ ಹೊದ್ದು ಮಲಗಿದ್ದ ಬಿರುಕನ್ನು ಮೇಲಿನಿಂದ ಕಾಣುವುದು ಹೇಗೆ? ನಮ್ಮ ಅವಳಿ ನಗರದ ಕೆಳಗೆ ಅಂಥ ಲಾವಾ ಇಲ್ಲ. ದಖ್ಖನ್ ಬಸಾಲ್ಟ್ ಬೆಳಗಾವಿಯ ಕಡೆಗೇ ಮುಗಿಯುತ್ತದೆ. ನಮ್ಮಲ್ಲಿರುವುದು ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಳೆಯ ಷಿಸ್ಟ್, ಫಿಲೈಟ್, ಗ್ರೇವ್ಯಾಕ್, ಅವುಗಳ ಆಚೆಗೆ ನೈಸ್. ಭೂಕಂಪ ತಾಳುವ ಕಟ್ಟಡಗಳಿಗಾಗಿ ಇರುವ ಭಾರತೀಯ ಮಾನಕ ಐಎಸ್ 1893ರ 2016ರ ಆವೃತ್ತಿಯ ಪಟ್ಟಿಯಲ್ಲಿ ಧಾರವಾಡ ಮೂರನೆಯ ಭೂಕಂಪ ವಲಯದಲ್ಲಿದೆ, ಬೆಂಗಳೂರು ಅದಕ್ಕಿಂತ ಕಡಿಮೆ ಅಪಾಯದ ಎರಡನೆಯದರಲ್ಲಿ. ಹೆದರಿ ಊರು ಬಿಡುವಂಥದ್ದೇನೂ ಅದರಲ್ಲಿಲ್ಲ. ಕಣ್ಣು ಮುಚ್ಚಿ ಕೂರಲೂ ಅದು ಅವಕಾಶ ಕೊಡುವುದಿಲ್ಲ.

ಇಷ್ಟು ಹಳೆಯ ನೆಲದಲ್ಲಿ ಬಿರುಕುಗಳಿಗೆ ಬರವಿಲ್ಲ ಎಂಬುದನ್ನು ಮನಸ್ಸಿನಲ್ಲಿಡಿ. ಗದಗದಿಂದ ಮಂಡ್ಯದವರೆಗೆ ಹಾದುಹೋಗುವ ದೊಡ್ಡ ಕತ್ತರಿಕೆ ವಲಯವೊಂದನ್ನು, ಅಂದರೆ ಶಿಲೆಗಳು ಜಾರಿದ ಉದ್ದನೆಯ ಪಟ್ಟಿಯೊಂದನ್ನು, ಪಠ್ಯಪುಸ್ತಕಗಳಲ್ಲಿ ನೀವು ಓದಿರುತ್ತೀರಿ. ಆದರೆ ನೂರಾರು ಕೋಟಿ ವರ್ಷಗಳ ಹಿಂದೆ, ಬಹಳ ಆಳದಲ್ಲಿ, ಬಿಸಿಯಾಗಿ ಮೆತ್ತಗಿದ್ದಾಗ ಜಾರಿದ ಶಿಲೆ ಇಂದು ಅಲುಗುತ್ತದೆ ಎಂದು ಅದರಿಂದ ಸಿದ್ಧವಾಗುವುದಿಲ್ಲ. ಭಾರತದ ಫಲಕ ಉತ್ತರಕ್ಕೆ ಸರಿದು ಹಿಮಾಲಯಕ್ಕೆ ಒತ್ತಿಕೊಳ್ಳುವುದರಿಂದ ನಮ್ಮ ನೆಲದ ಮೇಲೆ ಸ್ಥೂಲವಾಗಿ ಉತ್ತರ–ದಕ್ಷಿಣದ ಒತ್ತಡವಿದೆ. ಆ ಒತ್ತಡಕ್ಕೆ ಅಡ್ಡಲಾಗಿಯೋ ಓರೆಯಾಗಿಯೋ ಇರುವ ಹಳೆಯ ಬಿರುಕುಗಳು ಮತ್ತೆ ಜಾರುವ ಸಾಧ್ಯತೆ ಹೆಚ್ಚು. ಹಾಗಾಗಿ ನೀವು ಉತ್ತರಿಸಬೇಕಾದ ಪ್ರಶ್ನೆ ಎರಡು ಹಂತದ್ದು. ಇಲ್ಲಿ ಸ್ತರಭಂಗ ಇದೆಯೇ? ಇದ್ದರೆ, ಇತ್ತೀಚಿನ ಕೆಲವು ಸಾವಿರ ವರ್ಷಗಳಲ್ಲಿ ಅದು ಅಲುಗಿದೆಯೇ? ಮೊದಲನೆಯದಕ್ಕೆ ವಿದ್ಯಾರ್ಥಿಗಳು ಬಹುಮಟ್ಟಿಗೆ ಉತ್ತರ ಕೊಡಬಲ್ಲರು. ಎರಡನೆಯದು ಕಷ್ಟದ್ದು, ಅದನ್ನು ಕೊನೆಗೆ ಹೇಳುತ್ತೇನೆ.

ನಕಾಶೆಯಿಂದ ಆರಂಭ

ಸರ್ವೆ ಆಫ್ ಇಂಡಿಯಾದ ಹಳೆಯ ಟೊಪೊಶೀಟುಗಳನ್ನು, ಅಂದರೆ ನೆಲದ ಏರಿಳಿತ ತೋರಿಸುವ ನಕಾಶೆಗಳನ್ನು, ಮೊದಲು ಸಂಪಾದಿಸಿ. ಹುಬ್ಬಳ್ಳಿ 48 ಎಂ ಸರಣಿಯಲ್ಲಿ ಬರುತ್ತದೆ. ಧಾರವಾಡ ಸರಿಯಾಗಿ ಅಂಚಿನಲ್ಲಿರುವುದರಿಂದ ಪಶ್ಚಿಮಕ್ಕೆ 48 ಐ ಸರಣಿಯದೂ ಬೇಕಾಗುತ್ತದೆ. ಊರು ಇಷ್ಟು ಹರಡುವ ಮುನ್ನ ಹಳ್ಳಗಳು ಎಲ್ಲಿ ಹರಿಯುತ್ತಿದ್ದವು, ಕೆರೆಗಳು ಎಲ್ಲಿದ್ದವು, ಯಾವ ದಿಬ್ಬ ಎಷ್ಟು ಉದ್ದವಿತ್ತು ಎಂಬುದು ಅವುಗಳಲ್ಲಿ ಉಳಿದಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ಭೂಕೋಶ್ ತಾಣದಲ್ಲಿ ಶಿಲೆಗಳ ನಕಾಶೆ ಸಿಗುತ್ತದೆ. 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರೇಡಾರ್ ಮೂಲಕ ಅಳೆದ ನೆಲದ ಎತ್ತರದ ಮಾಹಿತಿಯೂ ಉಚಿತವಾಗಿದೆ. ಅದರಲ್ಲಿ ಒಂದು ಬಿಂದು 30 ಮೀಟರಿನದು. ಮೂರನ್ನೂ ನಕಾಶೆ ಜೋಡಿಸುವ ಕ್ಯೂಜಿಐಎಸ್ ತಂತ್ರಾಂಶದಲ್ಲಿ ಒಂದರ ಮೇಲೊಂದು ಕೂರಿಸಿ.

ಎತ್ತರದ ಮಾಹಿತಿಗೆ ಕೃತಕ ಬೆಳಕು ಹಾಯಿಸಿ ನೆರಳಿನ ಚಿತ್ರ ಮಾಡುವಾಗ ಒಂದು ಎಚ್ಚರ. ತಂತ್ರಾಂಶ ಸಾಮಾನ್ಯವಾಗಿ ವಾಯವ್ಯದಿಂದ ಬೆಳಕು ಬಿಡುತ್ತದೆ. ನಮ್ಮ ಶಿಲೆಗಳ ಪದರಗಳೋ ಸ್ಥೂಲವಾಗಿ ಉತ್ತರ-ವಾಯವ್ಯದಿಂದ ದಕ್ಷಿಣ-ಆಗ್ನೇಯಕ್ಕೆ ಚಾಚಿವೆ. ಬೆಳಕು ರೇಖೆಯ ಉದ್ದಕ್ಕೇ ಬಿದ್ದರೆ ನೆರಳು ಬೀಳುವುದಿಲ್ಲ, ರೇಖೆ ಕಾಣುವುದಿಲ್ಲ. ಆದ್ದರಿಂದ ಕನಿಷ್ಠ ನಾಲ್ಕು ದಿಕ್ಕಿನಿಂದ ಬೆಳಕು ಬಿಟ್ಟು ನಾಲ್ಕು ಚಿತ್ರ ತೆಗೆಯಿರಿ. ಇನ್ನೊಂದು ಮಾತು: ಪದರಗಳ ದಿಕ್ಕಿನಲ್ಲೇ ಇರುವ ಉದ್ದನೆಯ ಗೆರೆಗಳು ಬಹುಪಾಲು ಗಟ್ಟಿ ಶಿಲೆಯ ಸಾಲುಗಳು, ಅಂದರೆ ಮೆತ್ತನೆಯದು ಸವೆದು ಗಟ್ಟಿಯದು ಉಳಿದದ್ದು. ಪದರಗಳನ್ನು ಅಡ್ಡಲಾಗಿ ಕತ್ತರಿಸುವ ಗೆರೆಗಳ ಮೇಲೆ ಹೆಚ್ಚು ಹೊತ್ತು ಕಣ್ಣಿಡಿ. ದಿಬ್ಬದ ಸಾಲು ಒಮ್ಮೆಲೇ ತುಂಡಾಗಿ ಪಕ್ಕಕ್ಕೆ ಸರಿದಿದೆಯೇ? ಬೆಣ್ಣಿಹಳ್ಳಕ್ಕೆ ಸೇರುವ ಎರಡು ಮೂರು ಹಳ್ಳಗಳು ಒಂದೇ ಗೆರೆಯ ಮೇಲೆ ತಿರುವು ತೆಗೆದುಕೊಂಡಿವೆಯೇ? ಅಂಥ ಕಡೆ ಪೆನ್ಸಿಲಿನಿಂದ ಗುರುತು ಹಾಕಿ. ಪೆನ್ನಿನಿಂದ ಬೇಡ.

ಆಮೇಲೆ ಸುಳ್ಳು ಗೆರೆಗಳನ್ನು ತೆಗೆದುಹಾಕಿ. ಮಲಪ್ರಭಾ ಕಾಲುವೆ, ರೈಲು ಹಳಿ, ಹೈಟೆನ್ಶನ್ ತಂತಿಯ ಸಾಲು, ಹಳೆಯ ಬಂಡಿದಾರಿ, ಹೊಲದ ಬದು ಎಲ್ಲವೂ ಉಪಗ್ರಹದ ಚಿತ್ರದಲ್ಲಿ ನೇರ ಗೆರೆಗಳೇ. ಹಳೆಯ ಬಿರುಕುಗಳಲ್ಲಿ ಶಿಲಾರಸ ನುಗ್ಗಿ ಗಟ್ಟಿಯಾದ ಡಾಲರೈಟ್ ಕಲ್ಲಿನ ಗೋಡೆಗಳೂ ನೇರವಾಗಿರುತ್ತವೆ, ಅವು ಸ್ತರಭಂಗವಲ್ಲ. ಈ ಜರಡಿ ಹಿಡಿದಾಗ ಹಾಕಿದ ಗೆರೆಗಳಲ್ಲಿ ಬಹುಪಾಲು ಹೋಗುತ್ತವೆ. ಹೋಗಲಿ. ಅಮೆರಿಕದ ಸಿಯಾಟಲ್ ನಗರದ ಬಳಿ ಕಾಡಿನ ಮರೆಯಲ್ಲಿದ್ದ ಸ್ತರಭಂಗದ ಮೆಟ್ಟಿಲು ಕಂಡದ್ದು ವಿಮಾನದಿಂದ ಲೇಸರ್ ಕಿರಣ ಬಿಟ್ಟು ಮರಗಳ ನಡುವಿನ ನೆಲವನ್ನು ಅಳೆದಾಗ. ನಮ್ಮ ಬಳಿ ಅಷ್ಟು ಸೂಕ್ಷ್ಮ ಅಳತೆ ಇಲ್ಲದಿದ್ದಾಗ 30 ಮೀಟರಿನ ಬಿಂದುಗಳಿಂದ ಒಂದೆರಡು ಮೀಟರಿನ ಮೆಟ್ಟಿಲನ್ನು ಕಾಣಲಾಗದು. ಕಾಲ್ನಡಿಗೆಯಲ್ಲೇ ಹೋಗಿ ನೋಡಬೇಕು.

ಕೇಸಿಂಗ್ ಪೈಪಿನ ಲೆಕ್ಕ

ಇದು ನನ್ನ ಕಸುಬಿನ ಭಾಗ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಕೊಳವೆಬಾವಿ ಕೊರೆಯುವಾಗ ಮೇಲಿನ ಮಣ್ಣು, ಗರಸು, ಕೊಳೆತ ಕಲ್ಲು ಕುಸಿಯದಂತೆ ಕೇಸಿಂಗ್ ಪೈಪ್ ಇಳಿಸುತ್ತಾರೆ. ಗಟ್ಟಿ ಕಲ್ಲು ಸಿಕ್ಕ ಮೇಲೆ ಪೈಪ್ ನಿಲ್ಲುತ್ತದೆ. ಅಂದರೆ ಕೇಸಿಂಗಿನ ಉದ್ದವೇ ಹೆಚ್ಚುಕಡಿಮೆ ಗಟ್ಟಿ ಕಲ್ಲಿನ ಆಳ. ಮನೆಯ ಮಾಲೀಕರು ಇದನ್ನು ಮರೆಯುವುದಿಲ್ಲ, ಏಕೆಂದರೆ ಅಡಿಗೆ ಇಷ್ಟು ಎಂದು ಹಣ ಕೊಟ್ಟಿರುತ್ತಾರೆ. ಎಷ್ಟೋ ಮನೆಗಳಲ್ಲಿ ಆ ರಸೀದಿ ಇನ್ನೂ ಇರುತ್ತದೆ. ಒಂದು ನಗರದಲ್ಲಿ ಸಾವಿರಾರು ರಂಧ್ರಗಳನ್ನು ಜನರೇ ತಮ್ಮ ಹಣದಿಂದ ಕೊರೆಸಿದ್ದಾರೆ. ಯಾವ ಸಂಶೋಧನಾ ಯೋಜನೆಗೂ ಅಷ್ಟು ಅನುದಾನ ಸಿಗುವುದಿಲ್ಲ.

ಒಂದು ವಹಿಯಲ್ಲಿ ಹೀಗೆ ಬರೆದುಕೊಳ್ಳಿ: ಸ್ಥಳದ ಅಕ್ಷಾಂಶ–ರೇಖಾಂಶ, ಕೊರೆದ ವರ್ಷ, ಕೇಸಿಂಗ್ ಎಷ್ಟು ಅಡಿ, ಮೊದಲ ನೀರು ಎಷ್ಟು ಅಡಿಗೆ, ಎಷ್ಟು ಇಂಚು ನೀರು, ಒಟ್ಟು ಆಳ, ಈಗ ಮೋಟರ್ ಎಷ್ಟು ಅಡಿಗೆ ಇಳಿಸಿದ್ದಾರೆ, ನೀರಿನ ಮಟ್ಟ ಎಲ್ಲಿದೆ. ಮಾಲೀಕರ ಹೆಸರು, ಮನೆ ನಂಬರು ಬರೆಯಬೇಡಿ, ಅದು ನಿಮಗೆ ಬೇಕಿಲ್ಲ. ಮಾಲೀಕರಿಗೆ ನೆನಪಿಲ್ಲದಿದ್ದರೆ ಮೋಟರ್ ಎತ್ತುವ ಮೆಕ್ಯಾನಿಕ್‌ಗಳನ್ನು ಕೇಳಿ. ಯಾವ ಬಡಾವಣೆಯಲ್ಲಿ ಎಷ್ಟು ಪೈಪ್ ಇದೆ ಎಂದು ಅವರಿಗೆ ಬಾಯಿಪಾಠ. ರಿಗ್ಗಿನ ಮೇಸ್ತ್ರಿಗಳು ಅವರಿಗಿಂತಲೂ ಚೆನ್ನಾಗಿ ಹೇಳಬಲ್ಲರು. ‘ಅಕ್ಕಾರ, ಈ ರಸ್ತೆಯ ಆಚೆ ನಲವತ್ತು ಅಡಿಗೆ ಕಲ್ಲು ಸಿಗುತ್ತದೆ, ಈಚೆ ನೂರೈವತ್ತು ಇಳಿಸಿದರೂ ಕುಸಿಯುತ್ತಲೇ ಇರುತ್ತದೆ’ ಎಂದು ಒಬ್ಬ ಮೇಸ್ತ್ರಿ ಸಹಜವಾಗಿ ಹೇಳಿದ ಮಾತು ನಿಮಗೆ ಒಂದು ತಿಂಗಳ ಅಲೆದಾಟ ಉಳಿಸುತ್ತದೆ. ತೆಂಗಿನಕಾಯಿ ಹಿಡಿದು ನೀರು ತೋರಿಸುವವರನ್ನೂ ಗೌರವದಿಂದ ಮಾತನಾಡಿಸಿ. ಅವರ ವಿಧಾನವನ್ನು ನಾನು ನಂಬುವುದಿಲ್ಲ, ಆದರೆ ಎಲ್ಲೆಲ್ಲಿ ಕೊರೆದರು, ಎಲ್ಲಿ ಒಣಗಿತು ಎಂಬ ಅವರ ನೆನಪು ನಂಬತಕ್ಕದ್ದು.

ಆಮೇಲೆ ಲೆಕ್ಕ. ಕೇಸಿಂಗಿನ ಉದ್ದವನ್ನೇ ನೇರವಾಗಿ ಹೋಲಿಸಬೇಡಿ, ನೆಲವೇ ಏರಿಳಿತದ್ದು. ನೆಲದ ಎತ್ತರದಿಂದ ಕೇಸಿಂಗ್ ಆಳವನ್ನು ಕಳೆದು ಗಟ್ಟಿ ಕಲ್ಲಿನ ನೆತ್ತಿಯ ಎತ್ತರವನ್ನು ಪಡೆಯಿರಿ. ಉದಾಹರಣೆಗೆ, ಸಮುದ್ರಮಟ್ಟದಿಂದ 640 ಮೀಟರ್ ಎತ್ತರದ ಮನೆಯಲ್ಲಿ 60 ಅಡಿ, ಅಂದರೆ ಸುಮಾರು 18 ಮೀಟರ್ ಕೇಸಿಂಗ್ ಹೋಗಿದ್ದರೆ ಕಲ್ಲಿನ ನೆತ್ತಿ 622ರಲ್ಲಿದೆ. ಎರಡು ಬೀದಿ ಆಚೆ 638 ಮೀಟರಿನ ಮನೆಯಲ್ಲಿ 180 ಅಡಿ, ಅಂದರೆ 55 ಮೀಟರ್ ಹೋಗಿದ್ದರೆ ನೆತ್ತಿ 583ರಲ್ಲಿ. ಹತ್ತಿರದಲ್ಲೇ 39 ಮೀಟರ್ ಜಿಗಿತ. ಒಂದೇ ಕಡೆ ಹೀಗಿದ್ದರೆ ಅದು ಕೊಳೆತ ಕಲ್ಲಿನ ಗುಂಡಿ ಇರಬಹುದು. ಆದರೆ ಒಂದು ಗೆರೆಯ ಉದ್ದಕ್ಕೂ, ಕಿಲೋಮೀಟರುಗಟ್ಟಲೆ, ಒಂದು ಬದಿಗೆ ಆಳ ಮತ್ತೊಂದು ಬದಿಗೆ ಮೇಲೆ ಎಂದಾದರೆ ಎದ್ದು ಕುಳಿತುಕೊಳ್ಳಿ. ಎರಡು ಬಗೆಯ ಶಿಲೆಗಳು ಸಂಧಿಸುವಲ್ಲೂ ಹೀಗೆ ಆಗುತ್ತದೆ, ಮೆತ್ತನೆಯ ಫಿಲೈಟ್ ಆಳಕ್ಕೆ ಕೊಳೆಯುತ್ತದೆ, ಗಟ್ಟಿಯದು ಕೊಳೆಯುವುದಿಲ್ಲ. ಅದಕ್ಕಾಗಿಯೇ ಕಲ್ಲುಪುಡಿ ಬೇಕು. ಹೊಸ ಬಾವಿ ಕೊರೆಯುವ ಸುದ್ದಿ ಬಂದರೆ ಓಡಿಹೋಗಿ ಪ್ರತಿ ಹತ್ತು ಅಡಿಗೆ ಒಂದು ಮುಷ್ಟಿ ಪುಡಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಆಳ ಬರೆದು ಅಂಟಿಸಿ. ಎರಡೂ ಬದಿಗೆ ಒಂದೇ ಕಲ್ಲು ಇದ್ದು ನೆತ್ತಿ ಮಾತ್ರ ಜಿಗಿದಿದ್ದರೆ ಸ್ತರಭಂಗದ ಸಂಶಯ ಬಲವಾಗುತ್ತದೆ.

ನೀರಿನ ಮಟ್ಟವೂ ಮಾತನಾಡುತ್ತದೆ. ಶಿಲೆಗಳು ಒಂದಕ್ಕೊಂದು ಉಜ್ಜಿ ನುಣ್ಣಗೆ ಅರೆದ ಜೇಡಿಯಾಗಿದ್ದರೆ ಅದು ನೆಲದೊಳಗಿನ ಅಣೆಕಟ್ಟಿನಂತೆ ಅಂತರ್ಜಲವನ್ನು ತಡೆದು ನಿಲ್ಲಿಸುತ್ತದೆ. ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋ ಪ್ರದೇಶದಲ್ಲಿ ಸ್ಯಾನ್ ಹಸಿಂಟೋ ಸ್ತರಭಂಗದ ಎರಡು ಬದಿಯ ನೀರಿನ ಮಟ್ಟದಲ್ಲಿ ದೊಡ್ಡ ಅಂತರವಿರುವುದು ಇದೇ ಕಾರಣಕ್ಕೆ. ಒಂದೇ ವಾರದಲ್ಲಿ, ಮೋಟರ್ ನಿಲ್ಲಿಸಿ ರಾತ್ರಿ ಕಳೆದ ಮೇಲೆ, ಸಾಲಾಗಿ ಮಟ್ಟ ಅಳೆಯಿರಿ. ಬೇಸಿಗೆಯ ಅಳತೆಯನ್ನು ಮಳೆಗಾಲದ ಅಳತೆಯ ಜೊತೆ ಬೆರೆಸಿದರೆ ಲೆಕ್ಕವೆಲ್ಲ ಹಾಳು.

ಈ ಹಂತದಲ್ಲಿ ನೆಲ ವಿದ್ಯುತ್ತನ್ನು ಎಷ್ಟು ತಡೆಯುತ್ತದೆ ಎಂದು ಅಳೆಯುವ ಕಾಲೇಜಿನ ರೆಸಿಸ್ಟಿವಿಟಿ ಮೀಟರನ್ನು ಸಂಶಯದ ಗೆರೆಗೆ ಅಡ್ಡಲಾಗಿ ಹಾಕಬಹುದು. ನಗರದೊಳಗೆ ಭೂಮಿಯಲ್ಲಿ ಹೂತ ನೀರಿನ ಪೈಪು, ಅರ್ಥಿಂಗ್ ತಂತಿ ಅಳತೆಯನ್ನು ಕೆಡಿಸುತ್ತವೆ, ಆದ್ದರಿಂದ ಆಟದ ಮೈದಾನ, ಕೃಷಿ ಜಮೀನು, ಕಾಲೇಜಿನ ಆವರಣ ಆರಿಸಿ. ಎರೆಮಣ್ಣು ತಾನಾಗಿಯೇ ವಿದ್ಯುತ್ತನ್ನು ಸಲೀಸಾಗಿ ಹಾಯಿಸುತ್ತದೆ. ಎರೆ ಮುಗಿದು ಮಸಾರಿ (ಕೆಂಪು ಮಣ್ಣು) ಶುರುವಾಗುವ ಕಡೆ ಬರುವ ಜಿಗಿತವನ್ನು ಸ್ತರಭಂಗವೆಂದು ತಿಳಿಯಬೇಡಿ.

ಹಿರಿಯರ ನೆನಪು

ಹಿಂದಿನ ಕಂಪನಗಳ ದಾಖಲೆ ಊರಿನ ಹಿರಿಯರ ತಲೆಯಲ್ಲಿದೆ. 1967ರ ಡಿಸೆಂಬರ್ 11ರ ಕೊಯ್ನಾ ಭೂಕಂಪದ ವೇಳೆಗೆ ಹತ್ತು ವರ್ಷದವರಾಗಿದ್ದವರಿಗೂ ಈಗ ಎಪ್ಪತ್ತಿಗೆ ಹತ್ತಿರ. ತಡಮಾಡಬಾರದ ಕೆಲಸವೆಂದರೆ ಇದೇ. ತಾರೀಖು ಕೇಳಿದರೆ ಯಾರಿಗೂ ನೆನಪಾಗುವುದಿಲ್ಲ. ‘ಗಣಪತಿಯನ್ನು ಕಳುಹಿಸಿ ಬಂದು ಮಲಗಿದ ರಾತ್ರಿ ಲಾತೂರಿನ ಕಡೆ ಭೂಕಂಪವಾಯಿತಲ್ಲ, ಆಗ ನೀವು ಎಲ್ಲಿದ್ದಿರಿ?’ ಎಂದು ಕೇಳಿ ನೋಡಿ. ಕಿಲ್ಲಾರಿಯ ಭೂಕಂಪ ವಿಸರ್ಜನೆಯ ಮರುನಸುಕಿನಲ್ಲೇ ಆಗಿದ್ದರಿಂದ ಅಜ್ಜಿಯರಿಗೆ ತಟ್ಟನೆ ನೆನಪು ಬರುತ್ತದೆ.

ಎಚ್ಚರವಾಯಿತೇ, ಮಾಡದ ಮೇಲಿನ ಪಾತ್ರೆಗಳು ಸದ್ದು ಮಾಡಿದವೇ, ಮಾಳಿಗೆಯಿಂದ ಮಣ್ಣು ಉದುರಿತೇ, ತೂಗುಹಾಕಿದ ದೀಪ ಆಡಿತೇ, ಗೋಡೆ ಬಿರಿಯಿತೇ, ಮನೆ ಯಾವ ಬಗೆಯದಾಗಿತ್ತು, ಎಷ್ಟನೆಯ ಅಂತಸ್ತು, ಕೆಳಗೆ ಎರೆಯೋ ಮಸಾರಿಯೋ. ಇಷ್ಟನ್ನು ಎಲ್ಲರಿಗೂ ಒಂದೇ ಮಾತಿನಲ್ಲಿ ಕೇಳಿ. ಉತ್ತರವನ್ನು ನೀವೇ ಬಾಯಿಗೆ ತುರುಕಬೇಡಿ. ‘ಏನೂ ಗೊತ್ತಾಗಲಿಲ್ಲ’ ಎಂಬುದನ್ನೂ ಅಷ್ಟೇ ಶ್ರದ್ಧೆಯಿಂದ ಬರೆದುಕೊಳ್ಳಿ, ಅದೂ ಮಾಹಿತಿಯೇ. ದೂರದ ಒಂದೇ ಭೂಕಂಪ ಊರಿನ ಯಾವ ಭಾಗವನ್ನು ಹೆಚ್ಚು ಅಲುಗಿಸಿತು ಎಂಬುದು ನಕಾಶೆಯಲ್ಲಿ ಕಂಡರೆ ಎಲ್ಲಿ ಮಣ್ಣು ದಪ್ಪ, ಎಲ್ಲಿ ಕಲ್ಲು ಹತ್ತಿರ ಎಂಬುದು ತಾನಾಗಿಯೇ ತಿಳಿಯುತ್ತದೆ. ಕೇಸಿಂಗಿನ ನಕಾಶೆಯನ್ನು ಅದರ ಪಕ್ಕದಲ್ಲಿಟ್ಟು ನೋಡಿ.

ಮಾಳಿಗೆ ಮನೆಗಳನ್ನು ಗುರುತು ಹಾಕಲು ನಾನು ಬೇರೊಂದು ಕಾರಣಕ್ಕೂ ಒತ್ತಾಯಿಸುತ್ತೇನೆ. ಕಿಲ್ಲಾರಿಯಲ್ಲಿ ಜನರನ್ನು ಕೊಂದದ್ದು ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಒರಟುಗಲ್ಲಿನ ಗೋಡೆ, ಅದರ ಮೇಲಿನ ಭಾರವಾದ ಮಣ್ಣಿನ ಮಾಳಿಗೆ. ಅದೇ ಬಗೆಯ ಮನೆಗಳು ನವಲಗುಂದ, ನರಗುಂದ, ರೋಣದಲ್ಲಿ ಇಂದಿಗೂ ಇವೆ, ಒಳಗೆ ಜನ ಮಲಗುತ್ತಾರೆ. ಬಿಸಿಲಿಗೆ ಅವುಗಳಷ್ಟು ತಂಪಾದ ಮನೆ ಇಲ್ಲ ಎಂಬುದೂ ನಿಜ. ಪ್ರತಿವರ್ಷ ಮೇಲೆ ಮಣ್ಣು ಹೇರುವುದನ್ನು ನಿಲ್ಲಿಸಿದರೆ, ಮೂಲೆಗಳಲ್ಲಿ ಗೋಡೆಗಳನ್ನು ಬಿಗಿದು ಕಟ್ಟಿದರೆ, ಗೋಡೆಯ ಎರಡು ಮೈಗಳನ್ನೂ ಹಿಡಿದಿಡುವ ಉದ್ದ ಕಲ್ಲುಗಳನ್ನು ಹಾಕಿದರೆ ಅಪಾಯ ಬಹಳ ಕಡಿಮೆಯಾಗುತ್ತದೆ.

ಕಂಪನಗಳ ಪಟ್ಟಿ

ರಾಷ್ಟ್ರೀಯ ಭೂಕಂಪನ ಕೇಂದ್ರದ ತಾಣದಿಂದ ಕಂಪನಗಳ ಪಟ್ಟಿ ಇಳಿಸಿಕೊಳ್ಳಬಹುದು. 2021 ಮತ್ತು 2022ರಲ್ಲಿ ವಿಜಯಪುರ ಜಿಲ್ಲೆಯಲ್ಲಿ ಒಂದರ ಹಿಂದೆ ಒಂದು ಬಂದ ಸಣ್ಣ ಕಂಪನಗಳು ನಿಮಗೆ ನೆನಪಿರಬಹುದು. ಪಟ್ಟಿಯನ್ನು ಓದುವಾಗ ಎರಡು ವಿಷಯ ಗಮನಿಸಿ. ಆಳದ ಕಾಲಮಿನಲ್ಲಿ 10 ಕಿಲೋಮೀಟರ್ ಎಂದು ಮತ್ತೆ ಮತ್ತೆ ಕಂಡರೆ ಅದು ಅಳೆದದ್ದಲ್ಲದಿರಬಹುದು. ಹತ್ತಿರದಲ್ಲಿ ಕಂಪನಮಾಪಕ ಇಲ್ಲದಾಗ ಆಳವನ್ನು ಲೆಕ್ಕಹಾಕಲಾಗದೆ ಆ ಅಂಕಿಯನ್ನು ಊಹೆಯಾಗಿ ಇಟ್ಟುಕೊಳ್ಳುವ ರೂಢಿಯಿದೆ. ಸ್ಥಳದ ಗುರುತೂ ಕೆಲವು ಕಿಲೋಮೀಟರ್ ಅತ್ತಿತ್ತ ಇರಬಹುದು. ನಕಾಶೆಯಲ್ಲಿ ಚುಕ್ಕೆಯೊಂದು ನಿಮ್ಮ ಗೆರೆಯ ಮೇಲೆಯೇ ಕೂತಿದೆ ಎಂದು ಹಿಗ್ಗಬೇಡಿ. ಎರಡನೆಯದು, ಕಲ್ಲು ಕ್ವಾರಿಗಳ ಸ್ಫೋಟ. ಕಂಪನಗಳನ್ನು ಗಂಟೆವಾರು ಎಣಿಸಿ ನೋಡಿ. ಭೂಮಿಗೆ ಹಗಲು ರಾತ್ರಿಯ ಭೇದವಿಲ್ಲ. ಕೆಲಸದ ವೇಳೆಯಲ್ಲೇ ರಾಶಿ ಬಿದ್ದಿದ್ದರೆ ಅವು ಸಿಡಿಮದ್ದಿನವು.

ಊರಿನ ಸದ್ದೇ ಉಪಕರಣ

ನಗರದಲ್ಲಿ ಭೂಕಂಪನ ಅಳೆಯಲು ಗದ್ದಲ ಅಡ್ಡಿ ಎಂದು ಹಿಂದೆ ಎಲ್ಲರೂ ಹೇಳುತ್ತಿದ್ದರು. ಈಗ ಆ ಗದ್ದಲವನ್ನೇ ಬಳಸಿಕೊಳ್ಳುತ್ತಾರೆ. ಲಾರಿ, ರೈಲು, ಗಾಳಿ, ದೂರದ ಸಮುದ್ರದ ಅಲೆ ಎಲ್ಲವೂ ನೆಲದಲ್ಲಿ ಸೂಕ್ಷ್ಮ ಕಂಪನ ಹುಟ್ಟಿಸುತ್ತವೆ. ಎರಡು ಕಡೆ ಇಟ್ಟ ಸಂವೇದಕಗಳ ದಾಖಲೆಯನ್ನು ದೀರ್ಘಕಾಲ ಹೋಲಿಸಿದರೆ ಅವುಗಳ ನಡುವಿನ ನೆಲದಲ್ಲಿ ಅಲೆ ಎಷ್ಟು ವೇಗವಾಗಿ ಹಾಯುತ್ತದೆ ಎಂಬುದು ಹೊರಬರುತ್ತದೆ. ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ನಗರದಲ್ಲಿ 2011ರಲ್ಲಿ ತೈಲ ಶೋಧನೆಗಾಗಿ ಬೀದಿಗಳಲ್ಲೆಲ್ಲ ಸುಮಾರು ನೂರು ಮೀಟರಿಗೊಂದರಂತೆ ಐದು ಸಾವಿರಕ್ಕೂ ಹೆಚ್ಚು ಸಂವೇದಕ ಇಟ್ಟಿದ್ದರು. ಆ ದಾಖಲೆಯಿಂದ ವಿಜ್ಞಾನಿಗಳು ನಗರದ ಕೆಳಗಿನ ನೆಲದ ಚಿತ್ರ ಬಿಡಿಸಿದರು. ಪಕ್ಕದ ಲಾಸ್ ಏಂಜಲೀಸಿನ ಕೆಳಗಿರುವ ಪ್ವೆಂಟೆ ಹಿಲ್ಸ್ ಎಂಬ ಅಡಗಿದ ಸ್ತರಭಂಗದ ಚಿತ್ರ 1999ರಲ್ಲಿ ಸ್ಪಷ್ಟವಾದದ್ದೂ ತೈಲ ಕಂಪನಿಗಳ ಹಳೆಯ ದಾಖಲೆಗಳಿಂದಲೇ. ಇತ್ತೀಚೆಗೆ ದೂರಸಂಪರ್ಕದ ಆಪ್ಟಿಕಲ್ ಫೈಬರ್ ಕೇಬಲನ್ನೇ ಸಂವೇದಕವಾಗಿ ಮಾಡುತ್ತಿದ್ದಾರೆ. ಹುಬ್ಬಳ್ಳಿ–ಧಾರವಾಡದ ನಡುವೆ ಚಿಗರಿ ಬಸ್ಸುಗಳು ಓಡುವ ದಾರಿ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ಉದ್ದದ್ದು. ಅದರ ಉದ್ದಕ್ಕೂ ಇಂಥದೊಂದು ಪ್ರಯೋಗ ನಡೆಯಬೇಕು ಎಂಬುದು ನನ್ನ ಬಹುದಿನದ ಬಯಕೆ. ಎಂಜಿನಿಯರಿಂಗ್ ಕಾಲೇಜುಗಳೂ ಐಐಟಿಯೂ ಇರುವ ಊರಿಗೆ ಇದು ದೂರದ ಮಾತಲ್ಲ.

ವಿದ್ಯಾರ್ಥಿಗಳ ಕೈಗೆಟಕುವುದು ಒಂದೇ ಸಂವೇದಕದ ವಿಧಾನ. ಮೂರು ದಿಕ್ಕಿನ ಕಂಪನ ದಾಖಲಿಸುವ ಜಿಯೋಫೋನ್ ಸಾಕು. ಮೊಬೈಲಿನೊಳಗಿನ ಸಂವೇದಕಕ್ಕೆ ಇಷ್ಟು ಸೂಕ್ಷ್ಮತೆ ಇರುವುದಿಲ್ಲ. ಅಡ್ಡ ಕಂಪನವನ್ನು ಲಂಬ ಕಂಪನದಿಂದ ಭಾಗಿಸಿದಾಗ ಒಂದು ಆವರ್ತನದಲ್ಲಿ ಶಿಖರ ಕಾಣುತ್ತದೆ. ಮಣ್ಣಿನಲ್ಲಿ ಅಡ್ಡ ಅಲೆಯ ವೇಗವನ್ನು ಆ ಆವರ್ತನದ ನಾಲ್ಕು ಪಟ್ಟಿನಿಂದ ಭಾಗಿಸಿದರೆ ಮಣ್ಣಿನ ದಪ್ಪ. ಸೆಕೆಂಡಿಗೆ 200 ಮೀಟರ್ ವೇಗ, 5 ಹರ್ಟ್ಜ್ ಶಿಖರ ಎಂದರೆ 10 ಮೀಟರ್. ವೇಗವನ್ನು ತಿಳಿಯಲು ಸುತ್ತಿಗೆಯಿಂದ ಲೋಹದ ಫಲಕಕ್ಕೆ ಹೊಡೆದು ಸಾಲು ಜಿಯೋಫೋನ್‌ಗಳಲ್ಲಿ ದಾಖಲಿಸುವ ಮೇಲ್ಮೈ ಅಲೆಯ ವಿಧಾನವಿದೆ. ಬೆಂಗಳೂರಿನ ನೆಲವನ್ನು ಭಾರತೀಯ ವಿಜ್ಞಾನ ಸಂಸ್ಥೆಯವರು ಹೀಗೆಯೇ ಅಧ್ಯಯನ ಮಾಡಿದ್ದಾರೆ. ಪ್ರತಿ ಸ್ಥಳದಲ್ಲಿ ಕನಿಷ್ಠ ಇಪ್ಪತ್ತು ಮೂವತ್ತು ನಿಮಿಷ ದಾಖಲಿಸಿ, ಮರದ ಬುಡ, ನೀರಿನ ಟ್ಯಾಂಕು, ಕಂಬದಿಂದ ದೂರವಿರಿ. ಸಂವೇದಕದ ಪಕ್ಕದಲ್ಲೇ ಯಾರಾದರೂ ಓಡಾಡಿದರೆ ಆ ತುಣುಕನ್ನು ಬಿಟ್ಟುಬಿಡಿ. ರಾತ್ರಿ ಹೊರಡುವುದಾದರೆ ಕಾಲೇಜಿನ ಪತ್ರ ಕೊಟ್ಟು ಠಾಣೆಗೆ ತಿಳಿಸಿ, ಒಬ್ಬರೇ ಹೋಗಬೇಡಿ. ಕೊಳವೆಬಾವಿ ಇಲ್ಲದ ಹಳೆಯ ಓಣಿಗಳಲ್ಲಿ ಕೇಸಿಂಗ್ ನಕಾಶೆಯ ಖಾಲಿ ಜಾಗ ತುಂಬಲು ಇದರಷ್ಟು ಉಪಯುಕ್ತವಾದದ್ದು ಇನ್ನೊಂದಿಲ್ಲ.

ಪಾಯದ ಗುಂಡಿ

ಈಗ ಕಷ್ಟದ ಪ್ರಶ್ನೆ. ಸ್ತರಭಂಗ ಇತ್ತೀಚೆಗೆ ಅಲುಗಿದೆಯೇ ಎಂದು ತಿಳಿಯಲು ಅದಕ್ಕೆ ಅಡ್ಡಲಾಗಿ ಕಂದಕ ತೋಡಿ ಮಣ್ಣಿನ ಪದರಗಳು ಮುರಿದಿವೆಯೇ ಎಂದು ನೋಡಬೇಕು. ನಗರದಲ್ಲಿ ಕಂದಕ ತೋಡಲು ಜಾಗವೂ ಇಲ್ಲ, ಅನುಮತಿಯೂ ಸಿಗದು. ಆದರೆ ದಿನಾಲೂ ಜೆಸಿಬಿ ಪಾಯ ತೋಡುತ್ತಲೇ ಇದೆ. ನಿಮ್ಮ ಗೆರೆಯ ಹತ್ತಿರ ನೆಲಮಾಳಿಗೆಯ ಗುಂಡಿ ತೆರೆದಾಗ ಗುತ್ತಿಗೆದಾರರನ್ನು ಕೇಳಿಕೊಂಡು, ಕಾಂಕ್ರೀಟ್ ಬೀಳುವ ಮುನ್ನ, ಬೆಳಗಿನ ಓರೆ ಬಿಸಿಲಿನಲ್ಲಿ ಗೋಡೆಯ ಚಿತ್ರ ತೆಗೆಯಿರಿ. ಚಿತ್ರದಲ್ಲಿ ಅಳತೆಪಟ್ಟಿ ಇರಲಿ, ಉತ್ತರ ದಿಕ್ಕಿನ ಗುರುತಿರಲಿ. ಗುಂಡಿಯೊಳಗೆ ಇಳಿಯಬೇಡಿ. ಎರೆಮಣ್ಣಿನ ಗೋಡೆ ಯಾವ ಸೂಚನೆಯೂ ಇಲ್ಲದೆ ಕುಸಿಯುತ್ತದೆ. ಒಂದೂವರೆ ಮೀಟರಿಗಿಂತ ಆಳವಿದ್ದರೆ ಆಸರೆ ಕೊಡದ ಗೋಡೆಯ ಬಳಿ ನಿಲ್ಲುವುದೇ ಬೇಡ, ಮೇಲಿನಿಂದಲೇ ನೋಡಿ.

ಗರಸಿನ ಪದರ, ಸುಣ್ಣದ ಹರಳಿನ ಪದರ, ಬೆಣಚುಕಲ್ಲಿನ ಸಾಲು ಇವುಗಳಲ್ಲಿ ಮೆಟ್ಟಿಲು ಇದೆಯೇ ನೋಡಿ. ಎರೆಮಣ್ಣಿನಲ್ಲೇ ಕಾಣುವ ನುಣುಪಾದ, ಗೀರುಬಿದ್ದ, ಹೊಳೆಯುವ ಮೈಗಳಿಗೆ ಮರುಳಾಗಬೇಡಿ. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವ ಮಣ್ಣು ತನ್ನಷ್ಟಕ್ಕೆ ತಾನೇ ಉಜ್ಜಿಕೊಂಡು ಅಂಥ ಮೈ ಮಾಡಿಕೊಳ್ಳುತ್ತದೆ, ಪುಸ್ತಕದಲ್ಲಿನ ಸ್ತರಭಂಗದ ಚಿತ್ರದಂತೆಯೇ ಕಾಣುತ್ತದೆ. ಬೇಸಿಗೆಯ ಬಿರುಕಿನೊಳಗೆ ಮೇಲಿನ ಇದ್ದಿಲು, ಹೆಂಚಿನ ಚೂರು ಬೀಳುವುದರಿಂದ ಇದ್ದಿಲಿನ ಕಾಲನಿರ್ಣಯವೂ ಮೋಸ ಮಾಡಬಹುದು. ಬಿರುಕು ಕೆಳಗಿನ ಗರಸು ಮತ್ತು ಕೊಳೆತ ಕಲ್ಲಿನವರೆಗೂ ಮುಂದುವರಿದು ಅಲ್ಲಿಯೂ ಪದರವನ್ನು ಸರಿಸಿದ್ದರೆ ಮಾತ್ರ ತಜ್ಞರನ್ನು ಕರೆಯಿರಿ. ಅವರು ಕತ್ತಲಲ್ಲಿ ಮಣ್ಣಿನ ಮಾದರಿಯನ್ನು ಲೋಹದ ಕೊಳವೆಗೆ ತುಂಬಿ, ಮರಳಿನ ಕಣ ಕೊನೆಯ ಬಾರಿ ಬಿಸಿಲು ಕಂಡದ್ದು ಯಾವಾಗ ಎಂದು ಪ್ರಯೋಗಾಲಯದಲ್ಲಿ ಅಳೆಯುತ್ತಾರೆ. ನಮ್ಮಂಥ ಸ್ಥಿರ ನೆಲದಲ್ಲಿ ಎರಡು ಅಲುಗಾಟಗಳ ನಡುವೆ ಸಾವಿರಾರು, ಹತ್ತಾರು ಸಾವಿರ ವರ್ಷಗಳು ಇರಬಹುದು. ಒಂದು ಗುಂಡಿಯಲ್ಲಿ ಏನೂ ಕಾಣದಿದ್ದರೆ ಸ್ತರಭಂಗ ಇಲ್ಲವೆಂದು ಬರೆಯಬೇಡಿ, ಈ ಗುಂಡಿಯಲ್ಲಿ ಕಾಣಲಿಲ್ಲ ಎಂದು ಬರೆಯಿರಿ.

ಹೊರಗೆ ಹೇಳುವ ಮುನ್ನ

ನಕಾಶೆಯಲ್ಲಿ ಮೂರು ದರ್ಜೆ ಇಟ್ಟುಕೊಳ್ಳಿ. ಬರೀ ಮೇಲ್ಮೈಯಲ್ಲಿ ಕಂಡದ್ದು ತೆಳು ಚುಕ್ಕೆ ಗೆರೆ, ಅದಕ್ಕೆ ಹೆಸರು ರೇಖೆ ಅಷ್ಟೇ. ಕೇಸಿಂಗ್, ನೀರಿನ ಮಟ್ಟ, ಕಲ್ಲುಪುಡಿ, ಕಂಪನದ ಅಳತೆ ಇವುಗಳಲ್ಲಿ ಕನಿಷ್ಠ ಎರಡು ಒಂದೇ ಮಾತು ಹೇಳಿದರೆ ಸಂಭಾವ್ಯ ಸ್ತರಭಂಗ. ಇತ್ತೀಚಿನ ಮಣ್ಣನ್ನು ಮುರಿದದ್ದಕ್ಕೆ ವಯಸ್ಸಿನ ಸಮೇತ ಪುರಾವೆ ಸಿಕ್ಕರೆ ಮಾತ್ರ ಸಕ್ರಿಯ. ಮೂರನೆಯ ಹೆಸರನ್ನು ವಿದ್ಯಾರ್ಥಿಗಳು ತಾವಾಗಿ ಬಳಸಬಾರದು ಎಂದು ನಾನು ಕಟ್ಟುನಿಟ್ಟಾಗಿ ಹೇಳುತ್ತೇನೆ. ಒಂದು ಬಡಾವಣೆಯ ಹೆಸರಿನ ಮೇಲೆ ಕೆಂಪು ಗೆರೆ ಎಳೆದು ವಾಟ್ಸ್ಆ್ಯಪಿನಲ್ಲಿ ಹಂಚಿದರೆ ಸಂಜೆಯೊಳಗೆ ಅಲ್ಲಿನ ಜನ ಬೀದಿಯಲ್ಲಿರುತ್ತಾರೆ. ಜೀವಮಾನದ ಉಳಿತಾಯ ಹಾಕಿ ಮನೆ ಕಟ್ಟಿದವರ ನಿದ್ದೆ ಕೆಡಿಸುವ ಹಕ್ಕು ಅರ್ಧ ಪುರಾವೆ ಇರುವವರಿಗೆ ಇಲ್ಲ. ಪೂರ್ತಿ ಪುರಾವೆ ಇದ್ದಾಗ ಅದನ್ನು ಮುಚ್ಚಿಡುವ ಹಕ್ಕೂ ಯಾರಿಗೂ ಇಲ್ಲ.

ವರದಿಯನ್ನು ನಿಮ್ಮ ವಿಭಾಗದ ಮೂಲಕ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಗೂ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೂ ಕಳುಹಿಸಿ. ಮಣ್ಣು ದಪ್ಪವಿರುವ ಭಾಗಗಳ ನಕಾಶೆಯನ್ನು ಮಹಾನಗರ ಪಾಲಿಕೆಯ ಎಂಜಿನಿಯರರಿಗೂ ಕೊಡಿ. ಸ್ತರಭಂಗ ಸಿಗಲಿ ಬಿಡಲಿ, ಪಾಯ ಎಷ್ಟು ಆಳಕ್ಕೆ ಹೋಗಬೇಕು ಎಂಬುದಕ್ಕೆ ಆ ನಕಾಶೆ ನಾಳೆಯಿಂದಲೇ ಉಪಯೋಗಕ್ಕೆ ಬರುತ್ತದೆ. ಕಲ್ಲುಪುಡಿಯ ಚೀಲಗಳನ್ನು ಎಸೆಯದೆ ಕಾಲೇಜಿನ ಕಪಾಟಿನಲ್ಲಿ ಸ್ಥಳದ ಸಂಖ್ಯೆಯ ಪ್ರಕಾರ ಜೋಡಿಸಿಡಿ. ವಹಿಯ ಪ್ರತಿ ಪುಟದ ಚಿತ್ರ ತೆಗೆದು, ಅಂಕಿಗಳನ್ನು ಕೋಷ್ಟಕದಲ್ಲಿ ತುಂಬಿ, ಯಾವ ಅಂಕಿ ರಸೀದಿಯಿಂದ ಬಂದದ್ದು, ಯಾವುದು ನೆನಪಿನಿಂದ ಬಂದದ್ದು ಎಂದು ಪ್ರತಿಯೊಂದರ ಮುಂದೆಯೂ ಬರೆಯಿರಿ. ಮುಂದಿನ ವರ್ಷದ ತಂಡ ನೀವು ಹೋದ ಬಡಾವಣೆಗಳಿಗೇ ಮತ್ತೆ ಹೋಗದೆ ಕುಂದಗೋಳದ ರಸ್ತೆಯ ಕಡೆಯೋ ಕೆಲಗೇರಿಯ ಕಡೆಯೋ ಮುಂದುವರಿಸಲಿ.